ಒಣಗಿಸಬಾರದ ಗಾಯ

ನಮ್ಮ ಕಡೆ ಗಾಯವಾದವನನ್ನು ಯಾರೂ ‘ಗುಣವಾಯಿತೇ’ ಎಂದು ಕೇಳುವುದಿಲ್ಲ. ‘ಒಣಗಿತಾ?’ ಎನ್ನುತ್ತಾರೆ. ನನ್ನ ತಲೆ ಕೆಡಿಸಿದ್ದು ಆ ಒಂದು ಮಾತು.

ಕಲ್ಲಡ್ಕದ ಹತ್ತಿರ ನನ್ನದೊಂದು ಸಣ್ಣ ಹೋಟೆಲು. ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಎರಡೂ ಬೆರೆಯದೆ ನಿಲ್ಲುವ ಚಹಾಕ್ಕೆಂದು ಜನ ಬರುತ್ತಾರೆ. ಅದನ್ನು ಹೊಯ್ಯುವಾಗ ಕೈ ಒಂದಿಷ್ಟೂ ನಡುಗಬಾರದು. ಕಳೆದ ವರ್ಷ ನನ್ನ ಬಲಗೈಯ ಮೇಲೆಯೇ ಕುದಿಯುವ ಹಾಲು ಚೆಲ್ಲಿತು. ಬೆರಳು ಮಡಚಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಬಂಟ್ವಾಳದ ಡಾಕ್ಟರು.

ಅಲ್ಲಿನ ನರ್ಸ್ ಗಾಯದ ಮೇಲೆ ತಣ್ಣಗಿನ ಒಂದು ಹಾಳೆ ಅಂಟಿಸಿದರು. ನೋಡಲು ಎಳೆ ತಾಳೆಹಣ್ಣಿನ ತಿರುಳಿನ ಹಾಗಿತ್ತು. “ಇದು ಹೈಡ್ರೋಜೆಲ್. ಹೆಚ್ಚಿನದ್ದು ನೀರೇ. ನೀವು ಕೀಳುವುದು ಬೇಡ, ಅದರಷ್ಟಕ್ಕೇ ಕರಗಿ ಹೋಗ್ತದೆ,” ಎಂದರು. ಉರಿ ಇಳಿದ ಖುಷಿಯಲ್ಲಿ ತಲೆಯಾಡಿಸಿದೆನೇ ಹೊರತು ಮಾತು ತಲೆಗೆ ಹೋಗಲಿಲ್ಲ.

ಚಹಾ ಹೊಯ್ಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ಅವಳ ಕೈಯಲ್ಲಿ ಹಾಲೂ ಡಿಕಾಕ್ಷನ್ನೂ ಬೆರೆತೇ ಹೋಗುತ್ತಿದ್ದವು. ಗಿರಾಕಿಗಳು ಸುಮ್ಮನೆ ಕುಡಿದು, ಹೋಗುವಾಗ ನನ್ನ ಕೈ ನೋಡಿ ಕೇಳುವರು: “ಒಣಗಿತಾ ಮಾರಾಯ್ರೆ?” ಎಲ್ಲಿ ಒಣಗುತ್ತದೆ? ನಾಲ್ಕನೆಯ ದಿನ ನೋಡಿದರೆ ಹಾಳೆ ಅಂಚಿನಲ್ಲಿ ಸವೆದು, ಹಳದಿಯಾಗಿ, ಪಿಚಪಿಚ ಅನ್ನುತ್ತಿತ್ತು. ಮದ್ದು ಕೊಳೆತು ಕೀವಾಗಿದೆ ಎಂದೇ ತಿಳಿದೆ. ಇದ್ದದ್ದನ್ನೆಲ್ಲ ಒರೆಸಿ ತೆಗೆದು ಮಧ್ಯಾಹ್ನವಿಡೀ ಫ್ಯಾನಿನ ಕೆಳಗೆ ಕೈಯೊಡ್ಡಿ ಕೂತೆ. ಒಣಗಿತು. ಸಂಜೆಗೆ ಚರ್ಮ ಬಿಗಿದು ಬಿರಿಯಿತು, ಬೆರಳು ಅಲುಗಾಡಲಿಲ್ಲ. ನನ್ನ ಕೈಯನ್ನು ನಾನೇ ಹಾಳು ಮಾಡಿಕೊಂಡೆ ಎಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ.

ಮರುದಿನ ನರ್ಸ್ ನೋಡಿ ಸಿಡಿದರು. “ಒಣಗಿಸ್ಲಿಕ್ಕೆ ಇದೇನು ಒಣಮೀನಾ? ಅದು ಕೀವಲ್ಲ, ಜೆಲ್ ಕರಗುವುದೇ ಹಾಗೆ. ಒದ್ದೆ ಇದ್ರೆ ಹೊಸ ಚರ್ಮ ಬೇಗ ಬರ್ತದೆ.”

“ಕೈ ಹೋಯ್ತಾ ಸಿಸ್ಟರ್?”

“ಒಂದು ವಾರ ಹೋಯ್ತು. ಕೈ ಉಂಟು.”

ಅಷ್ಟು ಹಿತವಾದ ಬೈಗುಳವನ್ನು ನಾನು ಈವರೆಗೆ ತಿಂದಿಲ್ಲ. ಮೈಯೆಲ್ಲ ಹಗುರವಾಯಿತು.

ಇನ್ನೊಂದು ಹಾಳೆ ಅಂಟಿಸಿದರು. ಅದು ದಿನದಿನ ಕರಗುವುದನ್ನು ಈ ಸಲ ಮುಟ್ಟದೆ ನೋಡುತ್ತಿದ್ದೆ. ‘ಒಣಗಿತಾ’ ಎಂದವರಿಗೆಲ್ಲ ‘ಇಲ್ಲ, ಚೆನ್ನಾಗಿ ಒದ್ದೆ ಉಂಟು’ ಎಂದು ಜಂಬದಿಂದ ಹೇಳುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಹುಡುಕಿದರೂ ಹಾಳೆ ಇರಲಿಲ್ಲ. ಅದಿದ್ದಲ್ಲಿ ತೆಳು ಗುಲಾಬಿ ಬಣ್ಣದ ಹೊಸ ಚರ್ಮವಿತ್ತು. ಹೆದರುತ್ತಲೇ ಮುಷ್ಟಿ ಕಟ್ಟಿದೆ. ಐದು ಬೆರಳೂ ಮಡಚಿದವು.

ಕೆಲವು ದಿನ ಕಳೆದು ಮೊದಲ ಲೋಟ ಚಹಾ ಹೊಯ್ದೆ. ಡಿಕಾಕ್ಷನ್ ಹಾಲಿನ ಮೇಲೆ ನಿಂತಿತು. ಗಿರಾಕಿಗೆಂದು ಇಟ್ಟದ್ದನ್ನು ಹೆಂಡತಿ ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿ, ನಿಂತಲ್ಲೇ ಕುಡಿದಳು.

“ಇನ್ನು ನಾನು ಹೊಯ್ಯುವುದಿಲ್ಲ,” ಎಂದಳು.