ಬಜೆ ತೇಯುತ್ತಿದ್ದ ಕಲ್ಲು

ಹರಿಹರದ ಮನೆಯಲ್ಲಿ ಮೊಮ್ಮಗಳಿಗೆಂದು ನಾನು ಬಜೆಯ ಬೇರು ತೇಯುತ್ತಿದ್ದಾಗ, ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದಿದ್ದ ಸೊಸೆ ಫೋನ್ ಮಾಡಿದಳು. "ಬಾ", "ಕೊಡು", "ಹಲೋ" ಎಂದು ಎಷ್ಟು ಹೇಳಿಕೊಟ್ಟರೂ ಮೂರು ವರ್ಷದ ಕೂಸಿಗೆ ಮಾತು ಬಂದಿರಲಿಲ್ಲ. ನಾಲಿಗೆ ಹಗುರಾಗಲೆಂದು ಜೇನಿನಲ್ಲಿ ಬಜೆ ನೆಕ್ಕಿಸುತ್ತಿದ್ದೆ.

"ನಾಲಿಗಿ ಸರಿ ಐತಂತ್ರಿ ಅತ್ತಿ. ಕಿವಿನೇ ಕೇಳಂಗಿಲ್ಲಂತೆ."

"ಮಂಗಳಾರತಿ ಗಂಟಿ ಬಾರಿಸಿದ್ರೆ ತಿರುಗಿ ನೋಡ್ತೈತಲ್ಲೇ?"

"ದೀಪ ನೋಡ್ತೈತ್ರಿ. ಇನ್ನ ಆ ಬಜೆ ನೀವೇ ನೆಕ್ರಿ," ಎಂದು ನಗಲು ಹೋಗಿ ಅತ್ತುಬಿಟ್ಟಳು.

ಕೈ ಬೀಸಿ "ಬಾ" ಎಂದರೆ ಕೂಸು ಓಡಿ ಬರುತ್ತಿತ್ತು. ಅದು ನೋಡುತ್ತಿದ್ದುದು ನನ್ನ ಕೈಯನ್ನು ಮಾತ್ರ. ಕಣ್ಣನ್ನಾದರೂ ಉಳಿಸಿದೆಯಲ್ಲ ತಂದೆ ಎಂದು ದೇವರಿಗೆ ಕೈ ಮುಗಿದೆ. ತೇಯುವ ಕಲ್ಲನ್ನು ತೊಳೆದು ಬೋರಲಿಟ್ಟು, ರೊಟ್ಟಿ ಬಡಿಯಲು ಕೂತೆ.