ಮಳೆಗಾಲದಲ್ಲಿ ಬೆವರುವ ಚಿತ್ರ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಕಾಲೇಜಿನ ಚಿತ್ರಪ್ರದರ್ಶನದ ದಿನ ಚಿಕ್ಕಪ್ಪ ಹಾಕಿದ್ದು ಬಿಳಿ ಅಂಗಿಯೇ ಎಂದು ಆಣೆ ಮಾಡಲಾರೆ. ಡೈರಿಯಲ್ಲಿ ಆ ಪುಟ ಖಾಲಿ ಇದೆ. ಖಾಲಿ ಬಿಟ್ಟವಳು ನಾನೇ. ಆದರೆ ಮಳೆ ಹಿಡಿಯಿತೆಂದರೆ ನಮ್ಮ ಗೋಡೆಯ ಮೇಲೆ ಆ ಒಂದು ಚಿತ್ರ ಮಾತ್ರ ಗಾಜಿನೊಳಗೇ ಬೆವರುತ್ತದೆ. ಹೋದ ವಾರವೂ ಬೆವರಿತು.

ಚಿಕ್ಕಪ್ಪ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಂದ ಬೊಂಬಾಯಿಗೆ ಹೋದವರು. ಸಮುದ್ರದ ನಡುವೆ ಎಣ್ಣೆ ಬಾವಿ ಕೊರೆಯುವ ಕಟ್ಟೆಯ ಮೇಲೆ ತುಕ್ಕು ಕೆರೆದು ಕಬ್ಬಿಣಕ್ಕೆ ಬಣ್ಣ ಬಳಿಯುವುದು ಕೆಲಸ. ಬಿಡುವಿನಲ್ಲಿ ಅದನ್ನೇ ಜಲವರ್ಣದಲ್ಲಿ ಬರೆಯುತ್ತಿದ್ದರು: ಕೊರೆಯುವ ಗೋಪುರ, ಕೆಸರು ಮೆತ್ತಿದ ಕೊಳವೆ, ಆಕಾಶಕ್ಕೆ ಉರಿಯುವ ಗ್ಯಾಸಿನ ಬೆಂಕಿ. ರಜೆಗೆ ಬಂದು ಹಾಳೆಗಳನ್ನು ಜಗಲಿಯಲ್ಲಿ ಹರಡಿದರೆ ಚಿಕ್ಕಮ್ಮ ಬಿಡುತ್ತಿರಲಿಲ್ಲ: "ಬಣ್ಣ ಬಳಿಯಕ್ಕೆ ಅಷ್ಟ್ ದೂರ ಓಗ್ಬೇಕಿತ್ತಾ? ಈ ಗೋಡೆ ಸುಣ್ಣ ಕಂಡು ಮೂರ್ ವರ್ಸಾಯ್ತು."

"ಸಮುದ್ರದ್ ನೀರಲ್ಲೇ ಬಣ್ಣ ಕಲಸಿವ್ನಿ ಕಣವ್ವ, ನಾಲ್ಗೆ ಇಟ್ ನೋಡು," ಎಂದು ಒಂದು ಸಲ ಅವರು ನನಗೆ ಬೆಂಕಿಯ ಹಾಳೆಯೊಂದನ್ನು ಕೊಟ್ಟರು. ಇಟ್ಟು ನೋಡಿದೆ. ಉಪ್ಪು.

ನಾನು ಓದುತ್ತಿದ್ದ ಮೈಸೂರಿನ ಕಾಲೇಜಿನಲ್ಲಿ ಚಿತ್ರಸ್ಪರ್ಧೆ ಬಂತು. ಆ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿದ್ದ ಚಿಕ್ಕಪ್ಪನ ಹೆಸರನ್ನು ರಬ್ಬರಿನಿಂದ ಉಜ್ಜಿ, ನನ್ನದನ್ನು ಇಂಕಿನಲ್ಲಿ ಬರೆದೆ. ತೀರ್ಪುಗಾರರು, "ಸಮುದ್ರ ನೋಡಿದ್ದೀರಾ?" ಎಂದರು. "ಇಲ್ಲ ಸಾರ್, ಕಲ್ಪನೆ," ಎಂದೆ. ಊರ ಕೆರೆಗೂ ಮೊಣಕಾಲಿಗಿಂತ ಆಳ ಇಳಿಯದವಳು! ಮೊದಲ ಬಹುಮಾನ ಬಂತು.

ರಜೆಯಲ್ಲಿದ್ದ ಚಿಕ್ಕಪ್ಪ ಅಪ್ಪನಿಂದ ಸುದ್ದಿ ತಿಳಿದು, ನಾನು ಕರೆಯದಿದ್ದರೂ ಪ್ರದರ್ಶನಕ್ಕೆ ಬಂದುಬಿಟ್ಟರು. ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ನಾನು ಅವರ ಚಪ್ಪಲಿಯನ್ನೇ ನೋಡುತ್ತಿದ್ದೆ. ಕೊನೆಗೆ ಪಕ್ಕದಲ್ಲಿದ್ದ ನಮ್ಮ ಮೇಷ್ಟರಿಗೆ, "ನಮ್ಮಣ್ಣನ್ ಮಗಳು ಕಣ್ರೀ. ಬೆಂಕಿ ಎಷ್ಟ್ ಚೆನ್ನಾಗ್ ಬರ್ದವ್ಳೆ ನೋಡಿ," ಎಂದರು.

ಮುಂದಿನ ರಜೆಗೆ ಅವರು ಹಾಳೆಗಳನ್ನು ತರಲಿಲ್ಲ. "ಕೈ ನಡುಗ್ತದೆ ಮಗಾ," ಎಂದರು. ನಿಜವೇ ಇರಬಹುದು, ವರ್ಷಗಟ್ಟಲೆ ತುಕ್ಕು ಕೆರೆದ ಕೈ. ಆದರೆ ಅದೇ ಕೈಯಲ್ಲಿ ಲೋಟ ತುಳುಕಿದ್ದನ್ನು ನಾನು ಕಂಡ ನೆನಪಿಲ್ಲ. ನನ್ನ ನೆನಪನ್ನೂ ನಂಬಲಾರೆ.

ಈ ಭಾನುವಾರ ಗಾಜು ಬಿಚ್ಚಿ, ಇಂಕಿನ ಹೆಸರಿರುವ ಮೂಲೆಯನ್ನು ನೋಡಿದೆ. ಉಜ್ಜಿದ ಪೆನ್ಸಿಲಿನ ತಗ್ಗು ಇನ್ನೂ ಇದೆ. ಚಿತ್ರವನ್ನು ಚೀಲದಲ್ಲಿಟ್ಟುಕೊಂಡು ಊರಿಗೆ ಹೋದೆ. ಈಗ ಕೆಲಸ ಬಿಟ್ಟು ಊರಲ್ಲೇ ಇರುವ ಚಿಕ್ಕಪ್ಪ ಜಗಲಿಯಲ್ಲೇ ಕೂತಿದ್ದರು, ಅವರನ್ನೇ ಕೇಳಬಹುದಿತ್ತು. ಅವರನ್ನು ದಾಟಿ ಹಿತ್ತಲಿಗೆ ಹೋದೆ. ಚಿಕ್ಕಮ್ಮ ಒಣಗಿಸಲು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕೇಳಿದೆ. "ಆ ಸೊಪ್ ಇತ್ಲಾಗ್ ಕೊಡು," ಎಂದರು. ಕೊಟ್ಟು, ಮತ್ತೆ ಕೇಳಿದೆ:

"ಚಿಕ್ಕಮ್ಮ, ಚಿಕ್ಕಪ್ಪ ಚಿತ್ರ ಬಿಟ್ಟಿದ್ದು ಕೈ ನಡುಗಿದ್ದಕ್ಕಾ, ನನ್ನಿಂದ್ಲಾ?"