ಸದ್ದಿಲ್ಲದ ಕಾರಿನಲ್ಲಿ ಜಾಲ್ಸೂರಿನಿಂದ ಪೆರಾಬೆಗೆ

ಪುತ್ತೂರಿನಲ್ಲಿ ಬಸ್ಸಿಳಿದಾಗ ಬೆಳಗಿನ ಆರೂವರೆ. ಮೇ ತಿಂಗಳ ಕೊನೆಯ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ, ಮೋಡ ಮಾತ್ರ ತಲೆಗೆ ತಾಗುವಷ್ಟು ಕೆಳಗಿತ್ತು. ಧಾರವಾಡದ ಒಣ ಬಿಸಿಲಿಗೆ ಒಗ್ಗಿದ ಮೈ, ನಿಲ್ದಾಣ ದಾಟಿ ಹೊರಗೆ ಬರುವಷ್ಟರಲ್ಲಿ ಬೆವತು ಅಂಟಂಟಾಯಿತು.

ನಾನು ಬಂದದ್ದು ಗೆಳೆಯನ ಕೆಲಸಕ್ಕೆ. ಮೈಸೂರಿನ ಈ ಗೆಳೆಯನಿಗೆ ಹಳೆಯ ಕಾರು ಕೂಡಿಡುವ ಹುಚ್ಚು. ಅಜ್ಜಂದಿರ ಕಾಲದ ಕಾರುಗಳು ಅವನ ಶೆಡ್ಡಿನಲ್ಲಿ ಸಾಕಷ್ಟಿವೆ. ಈಗ ಅವನಿಗೊಂದು ಹೊಸ ಯೋಚನೆ. ಇಂದು ರಸ್ತೆಯಲ್ಲಿ ಯಾರೂ ತಿರುಗಿ ನೋಡದ ಕಾರುಗಳಲ್ಲಿ, ಮೂವತ್ತು ವರ್ಷ ಕಳೆದ ಮೇಲೆ ಜನ ನಿಂತು ನೋಡುವಂಥವು ಯಾವುವು? ಗುಜರಿಗೆ ಹೋಗುವ ಮೊದಲೇ ಅವನ್ನು ಹಿಡಿದಿಡಬೇಕು. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಂಥ ಮೂರು ಕಾರುಗಳಿವೆ ಎಂದು ಯಾರೋ ಅವನಿಗೆ ಸುದ್ದಿ ಕೊಟ್ಟಿದ್ದರು. ಕಾರುಗಳ ಹೆಸರನ್ನು ಎಲ್ಲೂ ಬರೆಯಬೇಡ ಎಂದು ಅವನು ಕೇಳಿಕೊಂಡಿದ್ದಾನೆ. ಹೆಸರು ಹೊರಬಿದ್ದರೆ ಮಾರುವವರು ರೇಟು ಏರಿಸುತ್ತಾರಂತೆ. ಬರೆಯುವುದಿಲ್ಲ.

ನನ್ನನ್ನೇ ಕಳಿಸಿದ್ದಕ್ಕೆ ಕಾರಣ ನನ್ನ ಉದ್ಯೋಗ. ಇಪ್ಪತ್ತೆಂಟು ವರ್ಷ ವಿಮೆಯ ಸರ್ವೇಯರ್ ಆಗಿದ್ದೆ. ಅಪಘಾತವಾದ ಕಾರನ್ನು ನೋಡಿ, ರಿಪೇರಿ ಆಗುತ್ತದೋ ಇಲ್ಲವೋ ಎಂದು ಬರೆದು ಕೊಡುವುದು ನನ್ನ ಕೆಲಸ. ಸ್ಟೀರಿಂಗು ಸೀಟಿಗೆ ಬಂದು ತಾಗಿದ ಕಾರುಗಳ ಒಳಗೆ ಕೈ ಹಾಕಿ ಅಳತೆ ತೆಗೆದಿದ್ದೇನೆ. ಅದರಿಂದ ಕಾರುಗಳ ಬಗ್ಗೆ ಬೇಕಾದಷ್ಟು ಗೊತ್ತಾಯಿತು. ಜೊತೆಗೆ ಕಾರಿನಲ್ಲಿ ಕೂರುವ ಹೆದರಿಕೆಯೂ ಅಂಟಿಕೊಂಡಿತು. ಸ್ವಂತ ಕಾರು ಕೊಳ್ಳಲೇ ಇಲ್ಲ. ಬೇರೆಯವರ ಕಾರಿನಲ್ಲಿ ಕೂತರೆ ಚಾಲಕನ ಹಿಂದಿನ ಸೀಟೇ ಆಗಬೇಕು. ಅದಕ್ಕೆ ನನ್ನ ಬಳಿ ಲೆಕ್ಕಾಚಾರವೂ ಇತ್ತು. ಅದನ್ನು ಕೇಳಿ ಮನೆಯವರು ನಗುತ್ತಿದ್ದರು.

ನಿಲ್ದಾಣದ ಹೊರಗೆ ಯಶೋದಾ ಕಾಯುತ್ತಿದ್ದರು. ಸುಳ್ಯದವರು, ನಲವತ್ತೈದರ ಆಸುಪಾಸು. ಬಾಡಿಗೆಗೆ ಕಾರು ಓಡಿಸುತ್ತಾರೆ. ಮನೆಮಾತು ಆ ಸೀಮೆಯ ಅರೆಭಾಷೆ, ನನ್ನೊಂದಿಗೆ ಮಾತ್ರ ಕನ್ನಡ. ಅವರದು ಎಂಟು ತಿಂಗಳ ಹಿಂದೆ ಕೊಂಡ ಬಿಳಿ ಎಲೆಕ್ಟ್ರಿಕ್ ಕಾರು. ಹೊರಟಿತೆಂದು ನನಗೆ ತಿಳಿದದ್ದು ಹೊರಗಿನ ಅಂಗಡಿ ಸರಿದಾಗಲೇ.

"ಸ್ಟಾರ್ಟೇ ಆಗಲಿಲ್ಲಲ್ರೀ?" ಎಂದೆ.

"ಇದು ಹಾಗೆಯೇ ಸರ್, ಸದ್ದೇ ಇಲ್ಲ. ನಮ್ಮ ಓಣಿಯ ನಾಯಿಗಳಿಗೂ ಗೊತ್ತಾಗುದಿಲ್ಲ" ಎಂದು ನಕ್ಕರು.

ಮೊದಲ ನಿಲ್ದಾಣ ದರ್ಬೆ. ಮುಖ್ಯರಸ್ತೆಯ ಹೋಟೆಲೊಂದರಲ್ಲಿ ಬನ್ಸು ತಿಂದು, ಹಿಂದಿನ ಓಣಿಯಲ್ಲಿದ್ದ ವಸಂತ ಎಂಬವರ ಗ್ಯಾರೇಜಿಗೆ ಹೋದೆವು. ಅಲ್ಲಿದ್ದದ್ದು ಬಾಗಿಲನ್ನು ಬದಿಗೆ ಜಾರಿಸುವ ಪುಟ್ಟ ವ್ಯಾನು. ಒಂದು ಕಾಲದಲ್ಲಿ ಊರೂರಿನ ಮಕ್ಕಳನ್ನು ಶಾಲೆಗೆ ಹೊತ್ತದ್ದು, ಈಗ ತಯಾರಾಗುವುದಿಲ್ಲ. ತುಕ್ಕು ಕೆರೆದು ನೋಡಿದೆ, ಕೆಳಗೆ ನುಸುಳಿ ನೋಡಿದೆ. ಗಟ್ಟಿಯಿತ್ತು. ವಸಂತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಯಶೋದಾರ ಕಾರಿನತ್ತ ಕೈ ತೋರಿಸಿದರು.

"ಈ ವ್ಯಾನನ್ನು ನಿಮ್ಮ ಮೊಮ್ಮಕ್ಕಳೂ ರಿಪೇರಿ ಮಾಡ್ಬಹುದು ಮಾರಾಯ್ರೆ. ಆದರೆ ಅದುಂಟಲ್ಲ, ಅದರ ಎಲೆಕ್ಟ್ರಾನಿಕ್ ಬೋರ್ಡು ಹೋದ್ರೆ ಮುಗೀತು. ಯಾರು ಮಾಡಿ ಕೊಡುದು? ಮೂವತ್ತು ವರ್ಷ ಬಿಡಿ, ಹತ್ತು ವರ್ಷ ಇದ್ರೆ ದೊಡ್ಡದು."

ನಾನೂ ಹೌದೆಂದೆ. ಮೊಬೈಲಿಗೆ ಚಕ್ರ ಹಾಕಿದ ಹಾಗಿನ ಕಾರನ್ನು ಯಾರು ಕೂಡಿಡುತ್ತಾರೆ ಎಂದೆ. ಯಶೋದಾ ತಮ್ಮ ಕಾರಿನತ್ತ ನಡೆದರು. ಗಾಜಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದರು.

ದರ್ಬೆಯಿಂದ ಜಾಲ್ಸೂರಿಗೆ ಸುಮಾರು ಮೂವತ್ತು ಕಿಲೋಮೀಟರು, ಒಳ್ಳೆಯ ಹೆದ್ದಾರಿ. ಜಾಲ್ಸೂರಿನಲ್ಲಿ ಕಾಸರಗೋಡಿನ ರಸ್ತೆ ಕೂಡುತ್ತದೆ. ಮಲಯಾಳ ಫಲಕದ ಬಸ್ಸೊಂದು ಅಲ್ಲಿ ಜನ ಇಳಿಸುತ್ತಿತ್ತು. ಆ ರಸ್ತೆಯಲ್ಲೇ ಸ್ವಲ್ಪ ಒಳಗೆ ಜಾನಕಿ ಟೀಚರ್ ಮನೆ. ಎಪ್ಪತ್ತು ದಾಟಿದ, ಚುರುಕು ಕಣ್ಣಿನ ಹೆಂಗಸು. ಅವರದು ಕಪ್ಪೆಯಂತೆ ದುಂಡಗಿರುವ ಸಣ್ಣ ಕಾರು. ಹೊಸದಾಗಿ ಬಂದಾಗ ಇದೆಂಥ ಆಕಾರ ಎಂದು ಜನ ನಕ್ಕಿದ್ದರಂತೆ. ಟೀಚರ್ ಅದನ್ನು ಹತ್ತಿಯ ಹೊದಿಕೆ ಹಾಕಿ ಇಟ್ಟಿದ್ದರು. ಕಿಟಕಿ ಇಳಿಸುವ ಹಿಡಿಕೆಯಿಂದ ಕ್ಯಾಸೆಟ್ಟಿನ ರೇಡಿಯೊವರೆಗೆ ಎಲ್ಲ ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು. ಇಂಥದ್ದನ್ನೇ ಗೆಳೆಯ ಕನಸು ಕಾಣುತ್ತಿದ್ದ.

ಆದರೆ ಅಂಗಳದ ಆಚೆ ಬಾಳೆಗಳು ನೆಲ ಕಚ್ಚಿದ್ದವು. ಯಾರೋ ಮಡಚಿ ತುಳಿದ ಹಾಗೆ.

"ಮೊನ್ನೆ ಬಂದದ್ದು" ಎಂದರು ಟೀಚರ್. "ಒಂಟಿ ಆನೆ. ಹಲಸಿನ ವಾಸನೆಗೆ ಬರ್ತದೆ. ಹೆಬ್ಬಾಗಿಲು ದೂಡಿ ಹಾಕಿತು. ನಾನು ದೇವರ ಕೋಣೆಯಲ್ಲಿ ಚಿಲಕ ಹಾಕಿ ಕೂತಿದ್ದೆ. ಉಸಿರಾಡುದು ಕೇಳ್ತಿತ್ತು, ಗೋಡೆಯ ಆಚೆ."

ಅವರು ಅದನ್ನು ಹಾಲಿನವನ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಅವರೇ ಕೊಟ್ಟ, ಎಲೆಯಲ್ಲಿ ಸುತ್ತಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ನನ್ನ ಬಾಯಿಗೆ ಹೋಗಲಿಲ್ಲ. ಮೂರನೆಯ ಕಾರಿದ್ದದ್ದು ಪೆರಾಬೆಯಲ್ಲಿ; ಅಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತೀರಿ ಎಂದು ಟೀಚರ್ ಕೇಳಿದರು. ಮುಖ್ಯದಾರಿಯಲ್ಲಿ ಮೋರಿ ಕೆಲಸ ನಡೆಯುತ್ತಿದೆ, ಒಳರಸ್ತೆ ಹಿಡಿಯಬೇಕು ಎಂದರು ಯಶೋದಾ.

"ಹಾಗಾದ್ರೆ ನಾಲ್ಕು ಗಂಟೆಯ ಒಳಗೆ ರಬ್ಬರು ತೋಟ ದಾಟಿ. ಮತ್ತೆ ಹೇಳ್ಲಿಕ್ಕೆ ಆಗುದಿಲ್ಲ."

ದಾಟಲಿಲ್ಲ. ತಪ್ಪು ನನ್ನದೇ. ಟೀಚರ ಕಾರು ಚಾಲೂ ಆಗುವುದನ್ನು ನೋಡಲೇಬೇಕೆಂದು ಹಟ ಹಿಡಿದೆ. ಬ್ಯಾಟರಿ ತರಿಸಿ ಹಾಕುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಸುಳ್ಯದಲ್ಲಿ ಕುಚ್ಚಲಕ್ಕಿ ಊಟ ಮಾಡುವಾಗಲೇ ಮೂರೂಮುಕ್ಕಾಲು. ಮೇಲಾಗಿ ನಾವು ಬೇಡವೆಂದರೂ ಕೇಳದೆ ಟೀಚರ್ ಎರಡು ಹಣ್ಣಾದ ಹಲಸು, ಒಂದು ಬುಟ್ಟಿ ಮಾವು ಹಿಂದಿನ ಸೀಟಿನ ಮೇಲೆ ಇಡಿಸಿದ್ದರು. ನನ್ನ ಜಾಗ ಹೋಯಿತು. ಬಹಳ ವರ್ಷಗಳ ಮೇಲೆ ಮುಂದಿನ ಸೀಟಿನಲ್ಲಿ ಕೂತೆ.

ಒಳರಸ್ತೆ ಒಂದು ಕಾರಿಗೆ ಸರಿಯಾಗುವಷ್ಟು ಅಗಲ. ಎರಡೂ ಬದಿ ರಬ್ಬರು ಮರಗಳ ಸಾಲು, ಪ್ರತಿ ಮರದ ಕಾಂಡಕ್ಕೂ ಹಾಲು ಇಳಿಯಲು ಕಟ್ಟಿದ ಬಟ್ಟಲು. ಮೋಡದಿಂದಾಗಿ ಐದು ಗಂಟೆಗೇ ಮಬ್ಬು ಕವಿದಿತ್ತು. ಕಾರಿಗೆ ಸದ್ದಿಲ್ಲ, ಕಾಡಿಗೂ ಇಲ್ಲ. ಟಯರಿನಡಿ ಒಣಗಿದ ಎಲೆ ಪುಡಿಯಾಗುವುದಷ್ಟೇ ಕೇಳುತ್ತಿತ್ತು. ಒಳಗೆಲ್ಲ ಹಲಸಿನ ಘಾಟು. ಕಿಟಕಿ ಏರಿಸಿ ಎಂದೆ. ಏರಿಸಿದರು.

ಇಳಿಜಾರಿನ ತಿರುವು ದಾಟಿದ್ದೇ ಆನೆ ಕಂಡಿತು.

ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ರಸ್ತೆಯ ನಡುವೆ, ನಮಗೆ ಬೆನ್ನು ಹಾಕಿ ನಿಂತಿತ್ತು. ಯಶೋದಾ ಕಾರು ನಿಲ್ಲಿಸಿದರು. ಡೀಸೆಲ್ ಗಾಡಿಯಾಗಿದ್ದರೆ ಅದಕ್ಕೆ ಅರ್ಧ ಮೈಲಿ ಮೊದಲೇ ಕೇಳುತ್ತಿತ್ತು, ಬದಿಗೆ ಸರಿಯುತ್ತಿತ್ತು. ಇಷ್ಟು ಹತ್ತಿರ ಬರುವವರೆಗೆ ನಾವು ಬಂದದ್ದು ಅದಕ್ಕೆ ತಿಳಿದೇ ಇರಲಿಲ್ಲ.

"ಹಿಂದೆ ತಗೋರಿ" ಎಂದು ಪಿಸುಗುಟ್ಟಿದೆ.

"ರಿವರ್ಸ್ ಹಾಕಿದ್ರೆ ಇದು ಕೂಗ್ತದೆ ಸರ್. ಬಂದ್ ಮಾಡ್ಲಿಕ್ಕೆ ಆಗುದಿಲ್ಲ."

ಹಿಂದಕ್ಕೆ ಹೋಗುವಾಗ ಜನರಿಗೆ ಎಚ್ಚರಿಕೆಯಾಗಲೆಂದು ಕಾರು ತಾನಾಗಿ ಹೊರಡಿಸುವ ಸದ್ದು. ಬೆಲ್ಟು ಬಿಚ್ಚಿದರೂ ಸದ್ದು, ಬಾಗಿಲು ತೆರೆದರೂ ಸದ್ದು. ನಾನು ಕೈ ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡೆ.

ಆನೆ ತಿರುಗಿತು. ಅವಸರವಿಲ್ಲದೆ ನಡೆದು ಬಂತು. ಸೊಂಡಿಲಿನ ತುದಿ ಎದುರಿನ ಗಾಜಿನ ಮೇಲೆ ಓಡಾಡಿ ಒದ್ದೆ ಗೆರೆ ಎಳೆಯಿತು. ಆಮೇಲೆ ನನ್ನ ಬದಿಯಿಂದ ಹಾದು ಹೋಯಿತು. ಕಿಟಕಿಯ ತುಂಬ ಬರೀ ಚರ್ಮ, ಅದರ ಮೇಲೆ ಒಣಗಿದ ಕೆಸರು. ಹಿಂದಕ್ಕೆ ಹೋಗಿ ನಿಂತು ಕಾರನ್ನು ಒತ್ತಿತು. ನಾವು ದೋಣಿಯಲ್ಲಿ ಕೂತವರಂತೆ ತೂಗಿದೆವು. ಇಷ್ಟು ವರ್ಷ ನಾನು ಅಳತೆ ತೆಗೆದ ತಗಡು ಎಷ್ಟು ತೆಳ್ಳಗೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಈಗ ಮುಂದಿನ ದಾರಿ ತೆರವಾಗಿತ್ತು. "ಹೋಗುವ, ಮೆಲ್ಲಗೆ" ಎಂದು ಯಶೋದಾ ಕನ್ನಡಿ ನೋಡಿದರು. ನೋಡಿ ಅಲ್ಲೇ ಉಳಿದರು. ನಾನೂ ತಿರುಗಿ ನೋಡಿದೆ. ಹಿಂದೆ, ತಿರುವಿನ ಮೇಲ್ಗಡೆ, ಮರಗಳ ನಡುವೆ ಬೈಕೊಂದು ಇಳಿದು ಬರುತ್ತಿತ್ತು. ಸವಾರ ಪೆಟ್ರೋಲು ಉಳಿಸಲು ಇಂಜಿನ್ ಆರಿಸಿ ಇಳಿಜಾರಿಗೆ ಬಿಟ್ಟಿದ್ದ. ಹಿಂದೆ ಹೆಂಗಸೊಬ್ಬಳು ಕೂತಿದ್ದಳು, ಮಡಿಲಲ್ಲಿ ಚೀಲ. ತಿರುವು ದಾಟಿದರೆ ನೇರ ಆನೆಯ ಕಾಲಿಗೆ. ಅವರಿಗೆ ಆನೆ ಕಾಣುವಂತಿರಲಿಲ್ಲ.

ಯಶೋದಾರ ಕೈ ಹಾರ್ನಿನ ಕಡೆ ಹೋಯಿತು. ನಾನು ಆ ಕೈ ಹಿಡಿದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಆನೆ ನಮ್ಮ ಬೆನ್ನಿಗೇ ಇತ್ತು. ಹಾರ್ನು ಹಾಕಿದರೆ ಅದರ ಸಿಟ್ಟು ನಮ್ಮ ಮೇಲೆ. ನಾನು ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದು, "ಬ್ಯಾಡ್ರಿ, ಬ್ಯಾಡ" ಎಂದೆ. ಬೈಕಿನಲ್ಲಿದ್ದವರನ್ನು ನೋಡಿಯೇ ಹೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. ಎಡ ಮೊಣಕೈಯನ್ನು ಸ್ಟೀರಿಂಗಿನ ನಡುವೆ ಒತ್ತಿದರು.

ಅಷ್ಟು ಹೊತ್ತು ಸದ್ದಿಲ್ಲದ ಕಾಡಿನಲ್ಲಿ ಆ ಹಾರ್ನು ನನ್ನ ಹಲ್ಲಿನವರೆಗೆ ನಡುಗಿಸಿತು. ಆನೆಯ ಒಂದೇ ಗುದ್ದಿಗೆ ಹಿಂದಿನ ಗಾಜು ಸಿಡಿದು ಒಳಗೆ ಬಿತ್ತು. ಕಾರು ಓರೆಯಾಗಿ ಚರಂಡಿಯ ಕಡೆ ಜಾರಿತು. ಹೇಗೋ ಕೈ ಬಿಡಿಸಿಕೊಂಡ ಯಶೋದಾ ಪೆಡಲು ಒತ್ತಿದರು. ಕಲ್ಲು ಹಾರಿಸಿ ಕಾರು ಮೇಲೆದ್ದು ಓಡಿತು. ಹಾರ್ನು ಮಾತ್ರ ಬಿಡಲಿಲ್ಲ. ತೋಟದ ಗೇಟು ದಾಟಿ, ಒಂದು ಅಂಗಡಿ ಕಾಣುವವರೆಗೆ ಒತ್ತಿಕೊಂಡೇ ಇದ್ದರು.

ಅಂಗಡಿಯವನು ಅರಣ್ಯದವರಿಗೆ ಫೋನು ಮಾಡಿದ. ನಾವು ಬೆಂಚಿನ ಮೇಲೆ ಕೂತೆವು. ಬೈಕಿನವರು ಏನಾದರು ಎಂದು ತಿಳಿಯಲು ದಾರಿಯಿರಲಿಲ್ಲ. ಅರ್ಧ ಗಂಟೆಯ ಮೇಲೆ ಸುದ್ದಿ ಬಂತು: ಬೈಕು ರಸ್ತೆಯಲ್ಲಿ ಬಿದ್ದಿದೆ, ಜನ ಕಾಣುತ್ತಿಲ್ಲ. ಯಶೋದಾ ತಲೆ ತಗ್ಗಿಸಿ, "ಮೊದಲೇ ಹಾಕ್ಬೇಕಿತ್ತು" ಎಂದರು. "ನೀವು ಹಿಡಿದಿದ್ದರಿಂದ ತಡವಾಯಿತು" ಎನ್ನಲಿಲ್ಲ. ಆದರೆ ನಾನು ಆ ಕ್ಷಣಗಳನ್ನು ಎಣಿಸುತ್ತಿದ್ದೆ. ಮೂರು? ನಾಲ್ಕು? ಒಂದು ಬೈಕು ತಿರುವು ದಾಟಲು ಎಷ್ಟು ಬೇಕು?

ಪೆರಾಬೆಗೆ ಮುಟ್ಟಿದಾಗ ಬೆಳಕು ಆರುತ್ತಿತ್ತು. ಮೂರನೆಯ ಕಾರಿನ ಒಡೆಯ ಸಂಜೀವ ರೈ ಅಂಗಳದಲ್ಲೇ ನಿಂತಿದ್ದರು. ಹಿಂದಿನ ಬಾಗಿಲು ಒಳಗೆ ಕುಸಿದದ್ದು ನೋಡಿ, ಏನೂ ಕೇಳದೆ ಬೆಲ್ಲ ನೀರು ತರಿಸಿದರು. ಅವರ ಜೀಪು ಎದುರಿಗೇ ಇತ್ತು, ಹಸಿರು ಬಣ್ಣದ್ದು, ಹೊಳೆಯುತ್ತಿತ್ತು. ನಾನದನ್ನು ನೋಡಲಿಲ್ಲ.

ಯಶೋದಾರ ಫೋನು ರಿಂಗಾಯಿತು, ಅಂಗಡಿಯವನದು. ಅವರು ಎದ್ದು ನಿಂತು ಕೇಳಿದರು. "ಹೌದಾ? ಇಬ್ಬರೂ?" ಎಂದರು. ಆಮೇಲೆ ಜಗಲಿಯ ಮೆಟ್ಟಿಲಿನ ಮೇಲೆ ಕೂತರು.

"ಹಾರ್ನು ಕೇಳಿ ಬ್ರೇಕ್ ಹಾಕಿ ಬಿದ್ದದ್ದಂತೆ. ಬೈಕು ಬಿಟ್ಟು ರಬ್ಬರು ಕೆಲಸದವರ ಲೈನುಮನೆಗೆ ಓಡಿದ್ದಾರೆ. ಅವಳ ಮಂಡಿ ತರಚಿದೆ, ಅಷ್ಟೆ."

ಸಂಜೀವ ರೈಗಳು, "ದೇವರು ದೊಡ್ಡವ ಮಾರಾಯ್ರೆ" ಎಂದರು. ಯಶೋದಾ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತರು.

ಮರುದಿನ ಬೆಳಿಗ್ಗೆ ಕಾರು ಓಡುತ್ತದೆಯೇ ಎಂದು ನಾನೇ ಪರೀಕ್ಷಿಸಿದೆ. ಓಡುತ್ತಿತ್ತು. ಹಿಂದಿನ ಗಾಜಿನ ಜಾಗಕ್ಕೆ ರೈಗಳು ಅಡಿಕೆ ಹರಡುವ ನೀಲಿ ಪ್ಲಾಸ್ಟಿಕ್ ಕಟ್ಟಿಕೊಟ್ಟರು. ಹೆದ್ದಾರಿಯಲ್ಲೇ, ಸುತ್ತಾದರೂ ಸರಿಯೆಂದು, ಪುತ್ತೂರಿಗೆ ಬಂದೆವು. ದಾರಿಯಲ್ಲಿ ಮಳೆ ಹಿಡಿಯಿತು. ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ. ಧೈರ್ಯ ಬಂದದ್ದರಿಂದ ಅಲ್ಲ, ಹಿಂದೆ ಗಾಜಿನ ಚೂರು ತುಂಬಿತ್ತು.

ಗೆಳೆಯನಿಗೆ ವರದಿ ಬರೆದೆ. ದರ್ಬೆಯ ವ್ಯಾನು ಸರಿ, ಜಾಲ್ಸೂರಿನ ಕಾರು ಬಹಳ ಸರಿ. ಪೆರಾಬೆಯ ಜೀಪನ್ನು ನಾನು ನೋಡಲಿಲ್ಲ, ಬೇರೆ ಯಾರನ್ನಾದರೂ ಕಳಿಸು. ನಾಲ್ಕನೆಯದೊಂದಿದೆ, ಬಿಳಿಯದು, ಅದರ ಬಗ್ಗೆ ದರ್ಬೆಯಲ್ಲಿ ನಾನು ಆಡಿದ ಮಾತು ಅವಸರದ್ದು. ಅದು ಮೂವತ್ತು ವರ್ಷ ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು, ಅದರ ಒಡತಿ ಮಾರುವುದೂ ಇಲ್ಲ.

ಆದರೆ ಈ ವರದಿ ಬರೆಯುವ ಮೊದಲು, ಪುತ್ತೂರಿನ ನಿಲ್ದಾಣದಲ್ಲಿ ಇನ್ನೊಂದು ಮಾತಿತ್ತು. ದಾರಿಯುದ್ದಕ್ಕೂ ಬಾಯಿಗೆ ಬಂದು ನುಂಗಿದ್ದೆ. ಹುಬ್ಬಳ್ಳಿಯ ಬಸ್ಸು ಬರಲು ಐದು ನಿಮಿಷವಿದ್ದಾಗ ಹೇಳಿದೆ.

"ಯಶೋದಾ ಅವರೇ, ನಿನ್ನೆ ನಾ ನಿಮ್ಮ ಕೈ ಹಿಡಿದೆ."

ಅವರು ಬಲಗೈಯ ಬಳೆ ಮೇಲೆ ಸರಿಸಿ ತೋರಿಸಿದರು. ಮಣಿಕಟ್ಟಿನ ಸುತ್ತ ನನ್ನ ಉಗುರಿನ ಗುರುತು, ನೀಲಿಗಟ್ಟಿತ್ತು.

"ಹೌದು ಸರ್, ಹಿಡಿದಿದ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. "ಬಸ್ಸು ಬಂತು. ಹತ್ತಿ, ಸೀಟು ಸಿಗುದಿಲ್ಲ ಮತ್ತೆ."

ಹತ್ತಿದೆ. ಸೀಟು ಸಿಕ್ಕಿತು. ಕಿಟಕಿಯ ಗಾಜು ಒರೆಸಿ ನೋಡಿದಾಗ ಬಿಳಿ ಕಾರು ನಿಲ್ದಾಣದಿಂದ ರಸ್ತೆಗೆ ಇಳಿಯುತ್ತಿತ್ತು, ಹಿಂದೆ ಕಟ್ಟಿದ ನೀಲಿ ಪ್ಲಾಸ್ಟಿಕ್ಕು ಗಾಳಿಗೆ ಉಬ್ಬಿ ತಗ್ಗುತ್ತಿತ್ತು. ಅವರು ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಕೈ ಎತ್ತುತ್ತಿದ್ದೆನೋ ಇಲ್ಲವೋ, ಈಗಲೂ ಹೇಳಲಾರೆ.